ಟೆಂಪೋ, ಮೆಟಡೋರ್ ಮತ್ತು ಮಾಲಿಕನ ಕೈ: ಹಳೆಯ ಡೀಸೆಲ್ ವ್ಯಾನಿನ ದುರಸ್ತಿಯ ಇತಿಹಾಸ

೧

ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಹುಟ್ಟನ್ನು ಬರೆಯುತ್ತಾರೆ, ಬಾಳನ್ನು ಬರೆಯುವುದಿಲ್ಲ. ಯಂತ್ರವನ್ನು ಕಂಡುಹಿಡಿದವರಾರು, ಅದರ ಹಕ್ಕನ್ನು ಪಡೆದವರಾರು, ಯಾವ ವರ್ಷ ಯಾವ ಕಾರ್ಖಾನೆಯಿಂದ ಮೊದಲ ಬಂಡಿ ಹೊರಬಿದ್ದಿತು, ಇಷ್ಟನ್ನು ಹೇಳಿದರೆ ಇತಿಹಾಸ ಮುಗಿಯಿತೆಂಬ ಭಾವನೆ ಬಲವಾಗಿದೆ. ಆದರೆ ಒಂದು ಬಂಡಿ ಕಾರ್ಖಾನೆಯಲ್ಲಿ ಕಳೆಯುವುದು ಕೆಲವೇ ದಿನಗಳನ್ನು. ರಸ್ತೆಯ ಮೇಲೆ ಕಳೆಯುವುದು ಇಪ್ಪತ್ತು ಮೂವತ್ತು ವರ್ಷಗಳನ್ನು. ಈ ದೀರ್ಘಕಾಲದಲ್ಲಿ ಅದನ್ನು ಬಿಚ್ಚಿ, ತೊಳೆದು, ಬಿಗಿದು, ತೇಪೆ ಹಚ್ಚಿ ನಡೆಸಿದ ಕೈಗಳು ಯಾವ ದಾಖಲೆಯಲ್ಲಿಯೂ ಕಾಣುವುದಿಲ್ಲ.

ಪ್ರಕೃತ ಲೇಖನದ ವಿಷಯ ಹಳೆಯ ಡೀಸೆಲ್ ವ್ಯಾನು ಮತ್ತು ಅದನ್ನು ತಾನೇ ದುರಸ್ತಿಮಾಡಿಕೊಳ್ಳುತ್ತಿದ್ದ ಮಾಲಿಕ. ಉದಾಹರಣೆಗಾಗಿ ನಾವು ಆರಿಸಿಕೊಂಡಿರುವುದು ನಮ್ಮ ನಗರಗಳಲ್ಲೆಲ್ಲ ಒಂದು ಕಾಲದಲ್ಲಿ ತರಕಾರಿ, ಹಾಲು, ಶಾಲೆಯ ಮಕ್ಕಳು, ಮದುವೆಯ ದಿಬ್ಬಣ ಇವೆಲ್ಲವನ್ನೂ ಹೊತ್ತು ತಿರುಗಿದ ಮೆಟಡೋರನ್ನು. ಅಂತಹ ಬಂಡಿಯನ್ನು ಮಾಲಿಕನು ಮನೆಯ ಮುಂದೆಯೇ ನಿಲ್ಲಿಸಿಕೊಂಡು ರಿಪೇರಿ ಮಾಡಬಲ್ಲವನಾಗಿದ್ದುದಕ್ಕೆ ಅವನ ಹಣದ ಅಡಚಣೆಯನ್ನೂ ಉತ್ಸಾಹವನ್ನೂ ಕಾರಣವಾಗಿ ಹೇಳುವುದು ವಾಡಿಕೆ. ಅದು ನಿಜವೇ. ಆದರೆ ಅದಕ್ಕಿಂತ ಆಳವಾದ ಕಾರಣವೊಂದು ಆ ಇಂಜಿನು ಬೆಳೆದು ಬಂದ ರೀತಿಯಲ್ಲಿಯೇ ಅಡಗಿದೆ. ಅದನ್ನು ತೋರಿಸುವುದು ಈ ಲೇಖನದ ಉದ್ದೇಶ.

೨

ರುಡೋಲ್ಫ್ ಡೀಸೆಲ್ ೧೮೫೮ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಜರ್ಮನ್ ಶಿಲ್ಪಜ್ಞ. ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾದು, ಕಿಡಿಯ ಸಹಾಯವಿಲ್ಲದೆಯೇ ಇಂಧನವನ್ನು ಹೊತ್ತಿಸಬಲ್ಲದೆಂಬುದು ಅವನ ಯೋಜನೆಯ ತಿರುಳು. ೧೮೯೩ರಲ್ಲಿ ಅವನಿಗೆ ಇದರ ಹಕ್ಕುಪತ್ರ ದೊರೆಯಿತು. ಔಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯಲ್ಲಿ ನಾಲ್ಕು ವರ್ಷಗಳ ಪ್ರಯೋಗದ ಮೇಲೆ, ೧೮೯೭ರ ಫೆಬ್ರವರಿಯಲ್ಲಿ ನಡೆದ ಪರೀಕ್ಷೆಯಲ್ಲಿ, ಇಂಧನದ ಶಾಖದಲ್ಲಿ ಶೇಕಡಾ ೨೬ರಷ್ಟನ್ನು ಈ ಇಂಜಿನು ಕೆಲಸವಾಗಿ ಪರಿವರ್ತಿಸಿತು. ಆ ಕಾಲದ ಉಗಿಯಂತ್ರಗಳಿಗೆ ಇದು ಎಟುಕದ ಮಾತು.

ಆದರೂ ಡೀಸೆಲ್ ಇಂಜಿನು ಬಂಡಿಯನ್ನೇರಲು ಇನ್ನೂ ಕಾಲು ಶತಮಾನ ಹಿಡಿಯಿತು. ಅದುಮಿ ಕಾಯಿಸಿದ ಗಾಳಿಯೊಳಕ್ಕೆ ಎಣ್ಣೆಯನ್ನು ನುಗ್ಗಿಸಬೇಕಾದರೆ ಆ ಗಾಳಿಯ ಒತ್ತಡಕ್ಕೂ ಮಿಗಿಲಾದ ಒತ್ತಡ ಬೇಕು. ಡೀಸೆಲ್ ಇದಕ್ಕಾಗಿ ಇನ್ನೊಂದು ಗಾಳಿಯಂತ್ರವನ್ನು ಜೊತೆಗಿಟ್ಟು, ಒತ್ತಿದ ಗಾಳಿಯಿಂದಲೇ ಎಣ್ಣೆಯನ್ನು ಊದಿಸುತ್ತಿದ್ದನು. ಹೀಗಾಗಿ ಇಂಜಿನು ಹಡಗಿಗೂ ಗಿರಣಿಗೂ ಒಪ್ಪುವಷ್ಟು ದೊಡ್ಡದಾಗಿಯೇ ಉಳಿಯಿತು. ಡೀಸೆಲ್ ೧೯೧೩ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಕಣ್ಮರೆಯಾಗಿ ಮೃತನಾದಾಗ ಅವನ ಇಂಜಿನಿನಿಂದ ಓಡುವ ಲಾರಿಗಳು ಇನ್ನೂ ಬಳಕೆಗೆ ಬಂದಿರಲಿಲ್ಲ.

ತೊಡಕನ್ನು ಬಿಡಿಸಿದ ಹೆಜ್ಜೆಗಳು ಎರಡು. ಮೊದಲನೆಯದು, ಬೆನ್ಸ್ ಸಂಸ್ಥೆಯ ಪ್ರಾಸ್ಪರ್ ಲೊರಾಂಜ್ ೧೯೦೯ರಲ್ಲಿ ಹಕ್ಕು ಪಡೆದ ಪೂರ್ವಕೋಷ್ಠ, ಎಂದರೆ ಸಿಲಿಂಡರಿನ ನೆತ್ತಿಯಲ್ಲಿರುವ ಪುಟ್ಟ ಕೋಣೆ. ಎಣ್ಣೆ ಮೊದಲು ಇಲ್ಲಿ ಅರೆಬರೆ ಉರಿದು, ಆ ಉರಿಯ ರಭಸದಿಂದಲೇ ಮುಖ್ಯ ಸಿಲಿಂಡರಿಗೆ ನುಗ್ಗಿ ಹರಡುತ್ತದೆ. ಆದುದರಿಂದ ಎಣ್ಣೆಯನ್ನು ಅತಿ ನುಣ್ಣಗೆ ಸಿಂಪಡಿಸುವ ಅಗತ್ಯ ತಗ್ಗಿತು. ಎರಡನೆಯದು, ರಾಬರ್ಟ್ ಬಾಷ್ ೧೯೨೨ರಲ್ಲಿ ಕೈಗೆತ್ತಿಕೊಂಡು ೧೯೨೭ರಲ್ಲಿ ಸಾಲು ಉತ್ಪಾದನೆಗೆ ತಂದ ಇಂಧನದ ಪಂಪು. ಇದರಲ್ಲಿ ಒಂದೊಂದು ಸಿಲಿಂಡರಿಗೂ ಒಂದೊಂದು ಉಕ್ಕಿನ ಕೊಂತವಿದ್ದು, ಅದು ತನ್ನ ಗೂಡಿನಲ್ಲಿ ಮಿಲಿಮೀಟರಿನ ಸಾವಿರದ ಕೆಲವೇ ಅಂಶದಷ್ಟು ಸಂದಿಯನ್ನುಳಿಸಿಕೊಂಡು ಚಲಿಸುತ್ತದೆ. ಎಣ್ಣೆಯನ್ನು ಅಳೆಯುವುದು, ಒತ್ತುವುದು, ತಕ್ಕ ಕ್ಷಣದಲ್ಲಿ ಕಳುಹಿಸುವುದು, ಮೂರು ಕೆಲಸವೂ ಅದರದೇ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಎರಡು ಹೆಜ್ಜೆಗಳ ಫಲವಾಗಿ ಇಂಜಿನಿನ ಸೂಕ್ಷ್ಮತೆಯೆಲ್ಲ ಒಂದೇ ಅಂಗದಲ್ಲಿ, ಪಂಪು ಮತ್ತು ಅದರ ತುದಿಯ ನಾಜಲ್‌ಗಳಲ್ಲಿ, ನೆಲೆಸಿತು. ಉಳಿದುದೆಲ್ಲ ದಪ್ಪ ಎರಕ, ದಪ್ಪ ಬೋಲ್ಟು, ದಪ್ಪ ಕೊಳವೆ. ಪೆಟ್ರೋಲ್ ಇಂಜಿನಿನಲ್ಲಿರುವ ಕಿಡಿಯ ಪ್ಲಗ್ಗು, ಕಾಯಿಲ್, ಡಿಸ್ಟ್ರಿಬ್ಯೂಟರು ಇಲ್ಲಿಲ್ಲ. ಒಮ್ಮೆ ಹೊತ್ತಿಕೊಂಡ ಡೀಸೆಲ್ ಇಂಜಿನಿಗೆ ಓಡುತ್ತಿರಲು ವಿದ್ಯುತ್ತೇ ಬೇಕಿರಲಿಲ್ಲ. ಹೀಗೆ ಒಂದು ಅಂಗವನ್ನು ಬಿಟ್ಟು ಮಿಕ್ಕ ಇಡೀ ಬಂಡಿ ಸಾಮಾನ್ಯನ ಕೈಗೆ ಒಲಿಯುವಂತಾಯಿತು. ಮಾಲಿಕನ ಕೈ ಎಲ್ಲಿಯವರೆಗೆ ಹೋಗಬಹುದೆಂಬ ಗಡಿಯನ್ನು ೧೯೨೭ರ ಆ ಪಂಪೇ ಗೀಚಿತೆಂದರೆ ತಪ್ಪಾಗಲಾರದು.

೩

ಈ ಇಂಜಿನು ನಮ್ಮ ದೇಶದ ಸಣ್ಣ ಬಂಡಿಯೊಳಕ್ಕೆ ಬಂದ ದಾರಿ ಸ್ವಾರಸ್ಯಕರವಾಗಿದೆ. ಇಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸಣ್ಣ ಸರಕಿನ ಬಂಡಿ ಯಾವುದಾದರೂ ಅದು ‘ಟೆಂಪೋ’. ಈ ಮಾತು ಮೂಲತಃ ಹ್ಯಾಂಬರ್ಗಿನ ವಿಡಾಲ್ ಮತ್ತು ಪುತ್ರ ಎಂಬ ಸಂಸ್ಥೆ ತನ್ನ ಮೂರು ಗಾಲಿಯ ಬಂಡಿಗಳಿಗೆ ಇಟ್ಟ ಅಂಕಿತನಾಮ. ಆ ಸಂಸ್ಥೆಯೇ ೧೯೪೯ರಲ್ಲಿ ಮೆಟಡೋರ್ ಎಂಬ ನಾಲ್ಕು ಗಾಲಿಯ ವ್ಯಾನನ್ನೂ ಹೊರತಂದಿತು. ಅದರಲ್ಲಿ ಆಗ ಇದ್ದುದು ಫೋಕ್ಸ್‌ವ್ಯಾಗನ್ನಿನ ಪೆಟ್ರೋಲ್ ಇಂಜಿನು. ೧೯೬೦ರ ದಶಕದಲ್ಲಿ ಸಂಸ್ಥೆ ಹಾನೊಮಾಗ್‌ನ ಕೈಸೇರಿತು. ಮುಂದೆ ಆ ವ್ಯಾನುಗಳ ತಯಾರಿಕೆ ಡೈಮ್ಲರ್-ಬೆನ್ಸ್‌ನ ಪಾಲಾಯಿತು. ಹುಟ್ಟಿದೂರಿನ ಬೀದಿಗಳಿಂದ ಅಳಿಸಿಹೋದ ಹೆಸರು ನಮ್ಮ ಬೀದಿಗಳಲ್ಲಿ ನಾಮಪದವಾಗಿ ಉಳಿದುಕೊಂಡಿತು.

ಭಾರತದಲ್ಲಿ ೧೯೫೩ರ ಸುಂಕ ಆಯೋಗದ ವರದಿಯ ತರುವಾಯ ಬಿಡಿಭಾಗಗಳನ್ನು ಹೊರಗಿನಿಂದ ತಂದು ಬರಿಯ ಜೋಡಣೆ ಮಾಡುತ್ತಿದ್ದ ಜನರಲ್ ಮೋಟಾರ್ಸ್, ಫೋರ್ಡ್ ಸಂಸ್ಥೆಗಳು ಇಲ್ಲಿನ ಜೋಡಣೆಯನ್ನು ನಿಲ್ಲಿಸಿದವು. ಇಲ್ಲಿಯೇ ತಯಾರಿಸುವ ಯೋಜನೆಯುಳ್ಳವರಿಗೆ ಮಾತ್ರ ಅವಕಾಶವುಳಿಯಿತು. ೧೯೫೪ರಿಂದ ಜಮ್ಷೆಡ್‌ಪುರದಲ್ಲಿ ಡೈಮ್ಲರ್-ಬೆನ್ಸ್ ಸಹಯೋಗದ ಟಾಟಾ ಲಾರಿಗಳು ತಯಾರಾಗತೊಡಗಿದವು; ಡೀಸೆಲ್ ಇಂಜಿನನ್ನು ಬಿಚ್ಚಿ ಕಟ್ಟಬಲ್ಲ ಮೇಸ್ತ್ರಿಗಳ ಪೀಳಿಗೆ ಈ ಲಾರಿಗಳ ಅಡಿಯಲ್ಲಿ ಮಲಗಿ ಕಲಿತದ್ದು. ೧೯೫೮ರಲ್ಲಿ ನವಲ್‌ಮಲ್ ಫಿರೋದಿಯಾ ಅವರ ಮುಂದಾಳುತನದಲ್ಲಿ ಬಜಾಜ್ ಟೆಂಪೋ ಸಂಸ್ಥೆ ಏರ್ಪಟ್ಟು, ಮುಂಬಯಿ ಕನ್ನಡಿಗರಿಗೆ ಸುಪರಿಚಿತವಾದ ಗೋರೆಗಾಂವ್‌ನಲ್ಲಿ ಮೂರು ಗಾಲಿಯ ಟೆಂಪೋಗಳನ್ನು ಮಾಡತೊಡಗಿತು. ಮುಂದೆ ಕಾರ್ಖಾನೆ ಪುಣೆಯ ಬಳಿಯ ಆಕುರ್ಡಿಯಲ್ಲಿ ನೆಲೆಸಿತು. ೧೯೬೯ರಲ್ಲಿ ಮೆಟಡೋರ್ ಹೊರಬಂದಿತು. ೧೯೮೦ರ ದಶಕದಲ್ಲಿ ಇದೇ ಸಂಸ್ಥೆ ಓಎಂ ೬೧೬ ಎಂಬ ಮರ್ಸಿಡಿಸ್ ಇಂಜಿನನ್ನು ಪರವಾನಗಿಯ ಮೇಲೆ ಇಲ್ಲಿಯೇ ತಯಾರಿಸಿತು. ನಾಲ್ಕು ಸಿಲಿಂಡರು, ಸುಮಾರು ೨.೪ ಲೀಟರು ಗಾತ್ರ, ಗಾಳಿಯನ್ನು ೨೧ರಲ್ಲಿ ಒಂದು ಪಾಲಿಗೆ ಅದುಮುವ ಪೂರ್ವಕೋಷ್ಠದ ಇಂಜಿನು ಇದು. ಜರ್ಮನಿಯಲ್ಲಿ ೧೯೭೩ರಿಂದ ಟ್ಯಾಕ್ಸಿಗಳಿಗೆ ಹೆಸರಾದ ಕಾರುಗಳಲ್ಲಿದ್ದದ್ದೂ ಇದೇ. ೨೦೦೫ರಲ್ಲಿ ಸಂಸ್ಥೆಯ ಹೆಸರು ಫೋರ್ಸ್ ಮೋಟಾರ್ಸ್ ಎಂದು ಬದಲಾಯಿತು.

ಸೂಕ್ಷ್ಮಾಂಗವಾದ ಪಂಪಿನ ಕಥೆ ಮಾತ್ರ ಕರ್ನಾಟಕಕ್ಕೆ ಸೇರಿದ್ದು. ೧೯೫೧ರಲ್ಲಿ ಬಾಷ್ ಸಹಯೋಗದಿಂದ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ‘ಮೈಕೋ’, ಬೆಂಗಳೂರಿನ ಆಡುಗೋಡಿಯಲ್ಲಿ ಕಿಡಿಯ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿತು. ಮುಂದೆ ನಾಸಿಕದಲ್ಲಿಯೂ ಅದರ ಕಾರ್ಖಾನೆಯಾಯಿತು. ೨೦೦೮ರಲ್ಲಿ ಅದು ಬಾಷ್ ಲಿಮಿಟೆಡ್ ಆಯಿತಾದರೂ ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರಿನಲ್ಲಿ ಹಳೆಯ ನೆನಪು ಉಳಿದಿದೆ. ದಿಲ್ಲಿಯ ಓಣಿಯಲ್ಲಿ ಕೆಟ್ಟು ನಿಂತ ವ್ಯಾನಿನ ಹೃದಯಭಾಗ ಆಡುಗೋಡಿಯದಾಗಿರುವ ಸಂಭವ ಆ ಕಾಲದಲ್ಲಿ ಬಹಳವಿತ್ತು.

ಡೀಸೆಲ್ ವ್ಯಾನು ಜನಪ್ರಿಯವಾದುದಕ್ಕೆ ಬೆಲೆಯೂ ಕಾರಣ. ೧೯೭೩ರ ತೈಲ ಸಂಕಟದ ನಂತರ ಪೆಟ್ರೋಲು ದುಬಾರಿಯಾಯಿತು. ಡೀಸೆಲ್ಲಿನ ಬೆಲೆಯನ್ನು ಸರ್ಕಾರ ೨೦೧೪ರ ಅಕ್ಟೋಬರಿನವರೆಗೂ ತಾನೇ ನಿಯಂತ್ರಿಸುತ್ತಿತ್ತು. ಅಗ್ಗದ ಎಣ್ಣೆಯಿಂದ ಓಡುವ, ಸುಲಭವಾಗಿ ಸಾಯದ ಬಂಡಿಯನ್ನು ಇಟ್ಟುಕೊಂಡವನಿಗೆ ಅದನ್ನು ತಾನೇ ನೋಡಿಕೊಳ್ಳುವುದೇ ಲಾಭವೆಂಬುದು ಬೇಗನೆ ತಿಳಿಯಿತು.

೪

ಇನ್ನು ಈ ನೋಡಿಕೊಳ್ಳುವಿಕೆಯ ಸ್ವರೂಪವನ್ನು ವಿವರಿಸಬೇಕು. ಮೆಟಡೋರಿನಲ್ಲಿ ಇಂಜಿನು ಇದ್ದುದು ಚಾಲಕನ ಮಗ್ಗುಲಲ್ಲಿ, ಆಸನಗಳ ನಡುವಣ ಗೂಡಿನಲ್ಲಿ. ಮುಂದಿನ ಗಾಲಿಗಳೇ ಎಳೆಯುವುದರಿಂದ ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟಿನ ಗೊಡವೆಯಿಲ್ಲದೆ ಸರಕಿನ ನೆಲ ತಗ್ಗಾಗಿತ್ತು. ಬೇಸಗೆಯಲ್ಲಿ ಇಂಜಿನಿನ ಕಾವು ಚಾಲಕನ ಕಾಲನ್ನು ಸುಡುತ್ತಿದ್ದುದು ನಿಜ. ಆದರೆ ಮಳೆಗಾಲದಲ್ಲಿ ಮುಚ್ಚಳವನ್ನೆತ್ತಿ, ಸೂರಿನಡಿ ಕುಳಿತೇ ಕೆಲಸ ಮಾಡುವ ಅನುಕೂಲವೂ ಅದರಿಂದಲೇ ಒದಗಿತು.

ಮಾಲಿಕನು ಕಲಿಯುತ್ತಿದ್ದ ಮೊದಲ ಪಾಠ ‘ಏರ್ ತೆಗೆಯುವುದು’. ಟ್ಯಾಂಕು ಬರಿದಾದರೆ, ಇಲ್ಲವೆ ಫಿಲ್ಟರನ್ನು ಬದಲಿಸಿದರೆ, ಕೊಳವೆಯೊಳಕ್ಕೆ ಗಾಳಿ ಸೇರುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗದು, ಗಾಳಿ ಕುಗ್ಗುತ್ತದೆ. ಪಂಪಿನ ಒತ್ತಡವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ ನಾಜಲ್ ತೆರೆಯುವುದಿಲ್ಲ, ಇಂಜಿನು ಹತ್ತುವುದಿಲ್ಲ. ಪರಿಹಾರ ಸರಳ. ಫಿಲ್ಟರಿನ ನೆತ್ತಿಯ ಸ್ಕ್ರೂವನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ, ನೊರೆ ನಿಂತು ಶುದ್ಧ ಎಣ್ಣೆ ಬರುವವರೆಗೆ ಕಾದು ಬಿಗಿಯುವುದು. ಅನಂತರ ನಾಜಲ್‌ಗಳ ಕೊಳವೆಯ ನಟ್ಟುಗಳನ್ನು ಸಡಿಲಿಸಿ ಇಂಜಿನನ್ನು ಸ್ವಲ್ಪ ತಿರುಗಿಸಿ, ಎಣ್ಣೆ ಜಿನುಗಿದೊಡನೆ ಬಿಗಿಯುವುದು. ಒಂದು ಪಾನಾ, ಒಂದು ಹಳೆಯ ಬಟ್ಟೆ, ಕಾಲು ಗಂಟೆಯ ತಾಳ್ಮೆ, ಇಷ್ಟೇ ಸಾಮಗ್ರಿ. ಬಿಚ್ಚಿದ ತಾಮ್ರದ ವಾಷರು ಒತ್ತಿ ಒತ್ತಿ ಗಡಸಾಗಿದ್ದರೆ ಅದನ್ನು ಕೆಂಪಗೆ ಕಾಯಿಸಿ ತಣಿಸಿ ಮತ್ತೆ ಮೆತ್ತಗಾಗಿಸಿಕೊಳ್ಳುವ ಉಪಾಯವೂ ರೂಢಿಯಲ್ಲಿತ್ತು.

ಎರಡನೆಯದು ನೀರು. ಎಣ್ಣೆಯೊಡನೆ ಬಂದ ನೀರು ಫಿಲ್ಟರಿನ ತಳದಲ್ಲಿ ನಿಲ್ಲುತ್ತದೆ. ಅದನ್ನು ಆಗಾಗ್ಗೆ ಇಳಿಸದಿದ್ದರೆ ಪಂಪಿನ ಕೊಂತಗಳಿಗೆ ತುಕ್ಕು ಹಿಡಿಯುತ್ತದೆ. ಮನೆಯಲ್ಲಿ ಮಾಡುವ ಈ ಎರಡು ನಿಮಿಷದ ಕೆಲಸ ಪಂಪಿನಂಗಡಿಯ ಸಾವಿರಾರು ರೂಪಾಯಿಗಳ ಖರ್ಚನ್ನು ತಪ್ಪಿಸುತ್ತಿತ್ತು. ಗಾಳಿಯ ಫಿಲ್ಟರೂ ಇದೇ ಬಗೆಯದು. ಹಳೆಯ ಬಂಡಿಗಳಲ್ಲಿ ಅದು ಎಣ್ಣೆಯ ಬೋಗುಣಿಯಾಗಿದ್ದು, ಧೂಳು ಎಣ್ಣೆಗೆ ಅಂಟಿ ಕೆಳಗಿಳಿಯುತ್ತಿತ್ತು. ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿದರಾಯಿತು.

ರೋಗನಿದಾನಕ್ಕೆ ಬೇಕಾದ ಉಪಕರಣಗಳು ಕಣ್ಣು ಕಿವಿಗಳೇ. ಕಪ್ಪು ಹೊಗೆ ಬಂದರೆ ಎಣ್ಣೆ ಹೆಚ್ಚು, ಗಾಳಿ ಕಡಿಮೆ. ಬಿಳಿಯ ಹೊಗೆಯಾದರೆ ಎಣ್ಣೆ ಉರಿಯದೆಯೇ ಹೊರಬೀಳುತ್ತಿದೆ, ಇಲ್ಲವೆ ನೀರು ಒಳಹೊಕ್ಕಿದೆ. ನೀಲಿಯಾದರೆ ಇಂಜಿನ್ ಆಯಿಲ್ಲೇ ಉರಿಯುತ್ತಿದೆ; ರಿಂಗು ಸವೆದಿರಬಹುದು. ನಾಲ್ಕರಲ್ಲಿ ಯಾವ ಸಿಲಿಂಡರು ಸೋಮಾರಿಯೆಂದು ತಿಳಿಯಬೇಕಾದರೆ, ಇಂಜಿನು ಮಂದವಾಗಿ ಓಡುತ್ತಿರುವಾಗ ಒಂದೊಂದೇ ನಾಜಲ್ಲಿನ ಕೊಳವೆಯ ನಟ್ಟನ್ನು ಸಡಿಲಿಸಿ ಕೇಳಬೇಕು. ದನಿ ಕುಗ್ಗಿದರೆ ಆ ಸಿಲಿಂಡರು ದುಡಿಯುತ್ತಿತ್ತು. ದನಿ ಬದಲಾಗದಿದ್ದರೆ ದೋಷ ಅಲ್ಲಿಯೇ. ಇಲ್ಲಿ ಒಂದು ಎಚ್ಚರಿಕೆಯೂ ಪರಂಪರೆಯ ಭಾಗವಾಗಿತ್ತು: ಸಿಡಿಯುವ ನಾಜಲ್ಲಿನ ಮುಂದೆ ಕೈಯೊಡ್ಡಬಾರದು. ವಾತಾವರಣದ ನೂರು ಪಟ್ಟಿಗೂ ಮೀರಿದ ಒತ್ತಡದ ಎಣ್ಣೆ ಚರ್ಮವನ್ನು ಭೇದಿಸಿ ಒಳಹೊಕ್ಕರೆ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ.

ಹೀಟರ್ ಪ್ಲಗ್ಗುಗಳದು ಬೇರೊಂದು ಕಥೆ. ಪೂರ್ವಕೋಷ್ಠದ ಇಂಜಿನು ತಣ್ಣಗಿರುವಾಗ ಹತ್ತಬೇಕಾದರೆ ಆ ಪುಟ್ಟ ಕೋಣೆಯನ್ನು ಮೊದಲು ಕಾಯಿಸಬೇಕು. ಹಳೆಯ ಮಾದರಿಯಲ್ಲಿ ನಾಲ್ಕು ಪ್ಲಗ್ಗುಗಳೂ ಒಂದೇ ಸರಪಳಿಯಲ್ಲಿದ್ದುದರಿಂದ ಒಂದು ಸತ್ತರೆ ನಾಲ್ಕೂ ಸತ್ತಂತೆ. ದಪ್ಪ ತಂತಿಯ ತುಂಡೊಂದರಿಂದ ಒಂದೊಂದು ಪ್ಲಗ್ಗನ್ನೇ ದಾಟಿಸಿ ನೋಡಿದಾಗ, ಯಾವುದನ್ನು ದಾಟಿಸಿದರೆ ಉಳಿದವು ಕಾಯುತ್ತವೆಯೋ ಅದೇ ಕೆಟ್ಟದ್ದು. ತರುವಾಯದ ಮಾದರಿಯಲ್ಲಿ ಒಂದೊಂದಕ್ಕೂ ಪ್ರತ್ಯೇಕ ವಿದ್ಯುತ್ತು ಹೋಗುತ್ತಿದ್ದುದರಿಂದ ಒಂದು ಕೆಟ್ಟರೂ ಬಂಡಿ ಹತ್ತುತ್ತಿತ್ತು, ನಡುಗುತ್ತ, ಬಿಳಿಯ ಹೊಗೆಯುಗುಳುತ್ತ.

ಊರು ಬದಲಾದಂತೆ ಬೇನೆಯೂ ಬದಲಾಗುತ್ತಿತ್ತು. ದಿಲ್ಲಿಯ ಪೌಷಮಾಸದ ಮುಂಜಾವಿನಲ್ಲಿ ಈ ಹೀಟರ್ ಪ್ಲಗ್ಗೇ ಪ್ರಧಾನ. ಚೆನ್ನೈಯ ಸೆಕೆಯಲ್ಲಿ ಅದು ಕೆಟ್ಟಿರುವುದು ತಿಂಗಳುಗಟ್ಟಲೆ ತಿಳಿಯದಿರಬಹುದು. ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಸುರಿಯುವ ಕಡೆ ಸುಣ್ಣದ ಪದರ ಕಟ್ಟಿ ಇಂಜಿನು ಕುದಿಯುತ್ತಿತ್ತು. ಮುಂಬಯಿಯಲ್ಲಿ ಕಡಲ ಗಾಳಿ ಮತ್ತು ನಾಲ್ಕು ತಿಂಗಳ ಮಳೆ ಇಂಜಿನನ್ನು ಮುಟ್ಟದೆ ತಗಡನ್ನು ತಿನ್ನುತ್ತಿದ್ದವು. ಇಂಜಿನು ಗಟ್ಟಿಯಾಗಿರುವಾಗಲೇ ಬಾಗಿಲ ಕೆಳಗಿನ ಅಂಚು, ಗಾಲಿಯ ಕಮಾನು, ನೆಲದ ಮೂಲೆಗಳು ಸವೆದು ಎಷ್ಟೋ ವ್ಯಾನುಗಳು ಗುಜರಿ ಸೇರಿದವು. ಆದುದರಿಂದ ಮಳೆಗಾಲಕ್ಕೆ ಮುನ್ನ ನೀರಿಳಿಯುವ ತೂತುಗಳನ್ನು ಬಿಡಿಸಿ, ತುಕ್ಕನ್ನು ಉಜ್ಜಿ, ರೆಡ್ ಆಕ್ಸೈಡ್ ಬಳಿಯುವುದು ಮುಂಬಯಿಯ ಮಾಲಿಕನಿಗೆ ಆಯಿಲ್ ಬದಲಿಸುವಷ್ಟೇ ಮುಖ್ಯ ಕರ್ತವ್ಯವಾಗಿತ್ತು.

೫

ಗಡಿಯ ಆಚೆ ಇದ್ದುದು ಪಂಪು. ಕೊಂತ ಸವೆದು ನಾಲ್ಕು ಸಿಲಿಂಡರುಗಳಿಗೂ ಎಣ್ಣೆಯ ಅಳತೆ ತಪ್ಪಿದರೆ ಮನೆಯಲ್ಲಿ ಮಾಡುವುದೇನೂ ಇರಲಿಲ್ಲ. ‘ಪಂಪ್ ಮತ್ತು ನಾಜಲ್’ ಎಂಬ ಫಲಕದ ಅಂಗಡಿಗೆ ಒಯ್ದರೆ ಅಲ್ಲಿ ಪರೀಕ್ಷೆಯ ಬೆಂಚಿನ ಮೇಲೆ ಗಾಜಿನ ಅಳತೆಗೊಳವೆಗಳ ಸಾಲು. ನಾಲ್ಕು ಕೊಳವೆಗಳಲ್ಲಿಯೂ ಎಣ್ಣೆ ಒಂದೇ ಎತ್ತರಕ್ಕೆ ಏರುವಂತೆ ಹೊಂದಿಸಿ, ಮೊಹರು ಹಾಕಿ ಕೊಡುತ್ತಿದ್ದರು. ಆ ಮೊಹರನ್ನು ಒಡೆದು ಸ್ಕ್ರೂ ತಿರುಗಿಸಿ ಹೆಚ್ಚು ಎಣ್ಣೆ ಬಿಟ್ಟುಕೊಳ್ಳುವ ಚಪಲ ಕೆಲವರಿಗಿತ್ತು. ಏರಿನಲ್ಲಿ ಸ್ವಲ್ಪ ಬಲ ಬರುತ್ತಿತ್ತು, ಜೊತೆಗೆ ಕಪ್ಪು ಹೊಗೆಯೂ ಪಿಸ್ಟನ್ನಿಗೆ ಮಿತಿಮೀರಿದ ಕಾವೂ ಬರುತ್ತಿದ್ದವು. ಬಲ್ಲ ಮಾಲಿಕರು ಮೊಹರನ್ನು ಮುಟ್ಟುತ್ತಿರಲಿಲ್ಲ. ತನ್ನ ಕೈಯ ಮಿತಿಯನ್ನು ಅರಿಯುವುದೂ ಈ ವಿದ್ಯೆಯ ಒಂದು ಅಧ್ಯಾಯವೇ ಆಗಿತ್ತು. ಮನೆ, ಮೇಸ್ತ್ರಿಯ ಗ್ಯಾರೇಜು, ಪಂಪಿನಂಗಡಿ ಎಂಬ ಮೂರು ಮೆಟ್ಟಿಲುಗಳ ಈ ವ್ಯವಸ್ಥೆಯನ್ನು ಯಾರೂ ಕುಳಿತು ಯೋಜಿಸಿದ್ದಲ್ಲ. ಯಂತ್ರದ ರಚನೆಯೇ ಅದನ್ನು ಹುಟ್ಟಿಸಿತು.

೬

ಈ ವ್ಯವಸ್ಥೆ ಕುಸಿದದ್ದೂ ರಚನೆ ಬದಲಾದುದರಿಂದಲೇ. ೧೯೯೭ರಲ್ಲಿ ಕಾಮನ್ ರೈಲ್ ಎಂಬ ಹೊಸ ಪದ್ಧತಿ ಕಾರುಗಳಲ್ಲಿ ಬಂದಿತು. ಅದರಲ್ಲಿ ಒತ್ತಡ ವಾತಾವರಣದ ೧,೩೦೦ ಪಟ್ಟನ್ನು ಮೀರಿತು. ಎಣ್ಣೆಯನ್ನು ಯಾವಾಗ ಎಷ್ಟು ಬಿಡಬೇಕೆಂಬ ನಿರ್ಣಯ ಉಕ್ಕಿನ ಕೊಂತದಿಂದ ವಿದ್ಯುನ್ಮಾನ ಪೆಟ್ಟಿಗೆಗೆ ಹೋಯಿತು. ಹಿಂದೆ ಒಂದೇ ಅಂಗದಲ್ಲಿದ್ದ ಸೂಕ್ಷ್ಮತೆ ಈಗ ಇಡೀ ಇಂಜಿನಿಗೆ ಹರಡಿತು. ೨೦೨೦ರ ಏಪ್ರಿಲ್ ೧ರಿಂದ ದೇಶಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ ೬ರ ನಿಯಮಗಳು ಹೊಗೆಯನ್ನು ಸೋಸುವ ಫಿಲ್ಟರನ್ನೂ ಹಲವು ಸಂವೇದಕಗಳನ್ನೂ ಸೇರಿಸಿದವು. ಹೊಸ ವ್ಯಾನಿನಲ್ಲಿ ನಾಜಲ್ಲಿನ ನಟ್ಟನ್ನು ಸಡಿಲಿಸಿ ದನಿ ಕೇಳಹೊರಟವನು ಪ್ರಾಣಾಪಾಯಕ್ಕೆ ಕೈಹಾಕಿದಂತೆ.

ಇದನ್ನು ಬರಿಯ ನಷ್ಟವೆಂದು ಎಣಿಸುವುದು ನ್ಯಾಯವಲ್ಲ. ಹಳೆಯ ಡೀಸೆಲ್ಲಿನ ಹೊಗೆಗೆ ಬೆಲೆ ತೆತ್ತವರು ರಸ್ತೆಯ ಬದಿಯ ಜನ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗ ೨೦೧೨ರಲ್ಲಿ ಡೀಸೆಲ್ ಹೊಗೆಯನ್ನು ಅರ್ಬುದಕಾರಕವೆಂದು ವರ್ಗೀಕರಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ೨೦೧೫ರಲ್ಲಿ ದಿಲ್ಲಿ ಪ್ರಾಂತದಲ್ಲಿ ೧೦ ವರ್ಷ ಮೀರಿದ ಡೀಸೆಲ್ ಬಂಡಿಗಳ ಓಡಾಟವನ್ನು ನಿಷೇಧಿಸಿತು. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಶುಚಿಯಾದ ಗಾಳಿಯ ಫಿಲ್ಟರೂ ಸರಿಯಾದ ನಾಜಲ್ಲೂ ಕಪ್ಪು ಹೊಗೆಯನ್ನು ತಗ್ಗಿಸುತ್ತವೆಯಾದರೂ ಎಷ್ಟೇ ಜತನದ ಮಾಲಿಕನೂ ಹಳೆಯ ಇಂಜಿನನ್ನು ಹೊಸದರಷ್ಟು ನಿರ್ಮಲವಾಗಿಸಲಾರನು. ವ್ಯಾನು ರಸ್ತೆ ಬಿಡುವುದಕ್ಕೆ ಸಕಾರಣವಿದೆಯೆಂದು ಒಪ್ಪಬೇಕು.

ಆದರೆ ವ್ಯಾನು ಹೋದೊಡನೆ ಅದರೊಂದಿಗಿದ್ದ ತಿಳಿವಳಿಕೆಯೂ ಹೋಗಬೇಕೆಂಬ ನಿಯಮವಿಲ್ಲ. ಆ ತಿಳಿವಳಿಕೆಯ ಬಹುಭಾಗ ಮಾತಿನಲ್ಲಿಯೇ ಇತ್ತು, ಬರವಣಿಗೆಗೆ ಬರಲಿಲ್ಲ. ಬೆಂಗಳೂರಿನಲ್ಲಿ ತಗಡಿನ ಕೆಲಸಕ್ಕೆ ‘ಟಿಂಕರಿಂಗ್’ ಎನ್ನುತ್ತಾರೆ. ಅದೇ ಕೆಲಸ ಮುಂಬಯಿ ದಿಲ್ಲಿಗಳಲ್ಲಿ ‘ಡೆಂಟಿಂಗ್’. ‘ಪಾನಾ’ ಮರಾಠಿಯ ಗ್ಯಾರೇಜಿನ ಮಾತು. ತೆಂಕಣ ಮೇಸ್ತ್ರಿ ‘ಸ್ಪ್ಯಾನರ್’ ಎಂದಾನು. ಹೆಚ್ಚುವರಿ ಗಾಲಿಯನ್ನು ನಾವೆಲ್ಲ ‘ಸ್ಟೆಪ್ನಿ’ ಎನ್ನುತ್ತೇವೆ. ವೇಲ್ಸಿನ ಲನೆತ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ೧೯೦೪ರಲ್ಲಿ ಅಂತಹ ಗಾಲಿಯನ್ನು ಮಾಡಿದವರಿಂದ ಬಂದ ಹೆಸರದು. ಹೊರನಾಡಿನಲ್ಲಿ ನೆಲೆಸಿ, ಎರಡು ಮೂರು ಭಾಷೆಗಳ ಗ್ಯಾರೇಜುಗಳಲ್ಲಿ ಬಂಡಿ ನಿಲ್ಲಿಸಿದ ಕನ್ನಡಿಗರ ಕಿವಿಗೆ ಈ ಮಾತುಗಳೆಲ್ಲ ಬಿದ್ದಿವೆ. ಒಳನಾಡಿನವರಿಗೆ ಸಿಗದ ಹೋಲಿಕೆ ಇವರಿಗೆ ಸಹಜವಾಗಿಯೇ ಸಿಕ್ಕಿದೆ.

ಆದುದರಿಂದ ಈ ಪತ್ರಿಕೆಯ ವಾಚಕರು ಮಾಡಬಹುದಾದ ಕೆಲಸವೊಂದಿದೆ. ತಮ್ಮ ನಗರದಲ್ಲಿ ಉಳಿದಿರುವ ಹಳೆಯ ಡೀಸೆಲ್ ಮೇಸ್ತ್ರಿಗಳ, ವ್ಯಾನಿನ ಮಾಲಿಕರ ಬಾಯಿಂದ ಕೆಲಸದ ಕ್ರಮವನ್ನೂ ಸಲಕರಣೆಗಳ ಹೆಸರುಗಳನ್ನೂ ಬರೆದಿಡುವುದು. ಮೂಲೆಯಲ್ಲಿ ಬಿದ್ದ ಮಾಲಿಕರ ಕೈಪಿಡಿಗಳನ್ನು, ಅಂಚಿನಲ್ಲಿ ಎಣ್ಣೆಗೈಯಿಂದ ಗೀಚಿದ ಟಿಪ್ಪಣಿಗಳ ಸಮೇತ, ಕಾಪಾಡುವುದು. ಶಾಸನಗಳನ್ನು ಓದಿ ಅರಸರ ದಾನಗಳನ್ನು ಲೆಕ್ಕವಿಟ್ಟ ನಮ್ಮ ಸಂಶೋಧಕರಿಗೆ ಇದು ಅಲ್ಪ ವಿಷಯವೆಂದು ತೋರಬಹುದು. ಕೆರೆಯನ್ನು ಕಟ್ಟಿಸಿದವನ ಹೆಸರು ಕಲ್ಲಿನಲ್ಲಿದೆ. ವರ್ಷವರ್ಷವೂ ಅದರ ಹೂಳೆತ್ತಿ ಏರಿಯನ್ನು ಕಾಯ್ದವರಿಂದಲೇ ಊರಿಗೆ ನೀರು ಉಳಿದದ್ದು. ಮೆಟಡೋರಿನ ಚರಿತ್ರೆಯಲ್ಲಿಯೂ ಆಕುರ್ಡಿಯ ಕಾರ್ಖಾನೆಗೆ ಒಂದು ಅಧ್ಯಾಯ ಸಲ್ಲುವುದಾದರೆ, ಮನೆಯ ಮುಂದೆ ಫಿಲ್ಟರು ಬಿಚ್ಚಿ ಕುಳಿತವನಿಗೆ ಉಳಿದ ಅಧ್ಯಾಯಗಳು ಸಲ್ಲಬೇಕು.